ಅಪ್ಪ ಕಚ್ಚಿ ನೋಡಿದ ಗಿಟಾರು

ಬೇಲೂರಿನ ದೇವಸ್ಥಾನದ ರಸ್ತೆ ಬಿಟ್ಟು ಹಿಂದಿನ ಬೀದಿಗೆ ತಿರುಗಿದರೆ ಲೋಕೇಶಾಚಾರ್ ಅವರ ಮನೆ. ಮನೆಗೆ ತಗುಲಿಕೊಂಡೇ ಇರುವ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಗಿಟಾರುಗಳಿವೆ. ಹೋದ ಭಾನುವಾರ ನಾನು ಹೆಗಲಿಗೆ ಗಿಟಾರಿನ ಚೀಲ ಹಾಕಿಕೊಂಡು ಆ ಬಾಗಿಲಲ್ಲಿ ನಿಂತಾಗ ಆಚಾರ್ರು ಹೊನ್ನೆಮರದ ಹಲಗೆಯೊಂದನ್ನು ಉಜ್ಜುತ್ತಿದ್ದರು. ನೆಲದ ತುಂಬ ಹಳದಿಗೆಂಪು ಹೊಟ್ಟು. ಹೊನ್ನೆಯ ಹೊಟ್ಟಿಗೆ ಅದರದೇ ಒಂದು ವಾಸನೆ, ಒಗರು ಕಷಾಯ ಒಲೆಯ ಮೇಲೆ ಉಕ್ಕಿದಂಥದ್ದು. ಅದು ಮೂಗಿಗೆ ಬಂದದ್ದೇ ನಾನು ಒಳಗೆ ಕಾಲಿಡದೆ ಹಾಗೇ ನಿಂತುಬಿಟ್ಟೆ. ಮೂಲೆಯಲ್ಲಿದ್ದ ಸ್ಟೂಲು ಅದೇ. ಎಷ್ಟೋ ವರ್ಷದ ಹಿಂದೆ ಅಪ್ಪ ಕೂತದ್ದು ಅದರ ಮೇಲೆ.

ನಾನು ಜಾವಗಲ್ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಸೇರಿದ ವರ್ಷ ಅದು. ಹಾರನಹಳ್ಳಿಯ ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಯಾರೂ ಕರೆದು ಕೊಟ್ಟದ್ದಲ್ಲ ಅದು. ಅರಸೀಕೆರೆಯಲ್ಲಿ ಓದುವಾಗ ಬಾಡಿಗೆಗೆ ರೂಮು ಕೇಳಲು ಹೋದರೆ ಊರು ಯಾವುದು ಎಂದು ಕೇಳುತ್ತಿದ್ದರು. ಹೇಳಿದ ಮೇಲೆ, ಊರಲ್ಲಿ ಯಾವ ಕಡೆ ಎಂದೂ ಕೇಳುತ್ತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ರೂಮು ಸಿಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದು ಓದಿದೆ. ಬೆಳಿಗ್ಗೆ ಹಾರನಹಳ್ಳಿಯಿಂದ ಅರಸೀಕೆರೆಗೆ ಟೆಂಪೊ, ಅಲ್ಲಿಂದ ಜಾವಗಲ್ಲಿಗೆ ಬಸ್ಸು ಹಿಡಿದು, ಸೀರೆಯ ನೆರಿಗೆ ನಲುಗದ ಹಾಗೆ ಕೂತು ಸ್ಕೂಲಿಗೆ ಹೋಗುವಾಗ, ನಾನು ಗೆದ್ದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮುಂಗಾರು ಶುರುವಾಗಿತ್ತು. ನಮ್ಮ ಕಡೆಯದು ಸುರಿಯುವ ಮಳೆಯಲ್ಲ. ಸಂಜೆ ಹೊತ್ತಿಗೆ ಬಂದು ತೆಂಗಿನ ಗರಿ ನೆನೆಸಿ, ರಾಗಿ ಪೈರಿನ ಬುಡ ಒದ್ದೆ ಮಾಡಿ, ಮತ್ತೆ ಬರುತ್ತೇನೋ ಇಲ್ಲವೋ ಎಂದು ಹೋಗಿಬಿಡುವ ಮಳೆ.

ಅಪ್ಪ ತಿಮ್ಮಯ್ಯ ತಮಟೆ ಬಡಿಯುತ್ತಿದ್ದ. ಚಿಕ್ಕಂದಿನಿಂದ ಅವನ ಎರಡೂ ಕಿವಿ ಸೋರುತ್ತಿದ್ದವು. ಹತ್ತಿ ತುರುಕಿಕೊಂಡೇ ದೊಡ್ಡವನಾದವನು. ನನಗೆ ಬುದ್ಧಿ ಬಂದಾಗಿನಿಂದ ಅವನ ಜೊತೆ ಕೂಗಿಯೇ ಮಾತಾಡಿದ್ದು. ನಮ್ಮ ಮನೆಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ, ಅಪ್ಪನಿಗೆ ಹೇಳಿದ್ದು ಇಡೀ ಕೇರಿಗೆ ಕೇಳುತ್ತಿತ್ತು. ಹಾಗಿದ್ದೂ ತಮಟೆಯ ಹದ ಅವನಿಗೆ ತಪ್ಪುತ್ತಿರಲಿಲ್ಲ. ಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಕಾಯಿಸಿ, ತಮಟೆಯ ಮರದ ಬಳೆಯನ್ನು ಹಲ್ಲಲ್ಲಿ ಕಚ್ಚಿ, ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಬಿಗಿ ಸಾಲದಿದ್ದರೆ ಮತ್ತೆ ಬೆಂಕಿಗೆ. ಅದು ಅಪ್ಪನ ಚಾಳಿ ಎಂದುಕೊಂಡಿದ್ದೆವು. ಆ ವರ್ಷ ಹಾಸನದ ಕಿವಿ ಡಾಕ್ಟರು ಕಬ್ಬಿಣದ ಸಣ್ಣ ಕವೆಯೊಂದನ್ನು ಮಿಡಿದು ಅವನ ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಅಪ್ಪ ಗಾಬರಿಯಾಗಿ ತಿರುಗಿ ನೋಡಿದ. ಆಗ ಗೊತ್ತಾಯಿತು. ಗಾಳಿಯಲ್ಲಿ ಬಂದ ಶಬ್ದ ಅವನ ಕಿವಿ ದಾಟುತ್ತಿರಲಿಲ್ಲ, ತೀರಾ ಜೋರಾಗಿದ್ದರೆ ಮಾತ್ರ ಅಷ್ಟಿಷ್ಟು. ಮೂಳೆಯಲ್ಲಿ ಹೋದದ್ದು ಒಳಗೆ ಮುಟ್ಟುತ್ತಿತ್ತು. ಅಷ್ಟು ವರ್ಷವೂ ಅಪ್ಪ ತಮಟೆಯನ್ನು ಹಲ್ಲಿನಿಂದ ಕೇಳಿದ್ದ.

ಕಿವಿಗೆ ಆಪರೇಷನ್ ಮಾಡಬಹುದು ಎಂದರು. ಅದಕ್ಕೆ ಮೊದಲು ಎದೆ ಪರೀಕ್ಷೆ ಮಾಡಿದ ಇನ್ನೊಬ್ಬ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೃದಯ ಪೂರ್ತಿ ಸೋತಿದೆ, ಆಪರೇಷನ್ ತಡೆಯುವುದಿಲ್ಲ, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅಪ್ಪನಿಗೆ ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಬಸ್ಸಿನಲ್ಲಿ ಅವನೇ, ತನಗೆ ಇನ್ನೇನೂ ಬೇಡ, ಸಿದ್ದ ಬಾರಿಸೋದನ್ನ ಒಂದು ಸಲ ಕೇಳಬೇಕು, ಅಷ್ಟೆ ಎಂದ.

ಸಿದ್ದು ನನ್ನ ತಮ್ಮ. ಅವನ ಕೈಗೆ ಅಪ್ಪ ತಮಟೆ ಕೊಟ್ಟಿರಲಿಲ್ಲ. ಊರಲ್ಲಿ ಯಾರು ಸತ್ತರೂ ನಮ್ಮ ಕೇರಿಯವರು ಹೋಗಿ ಹೆಣದ ಮುಂದೆ ಬಡಿಯಬೇಕಿತ್ತು. ಅದನ್ನು ನಿಲ್ಲಿಸೋಣ ಎಂದು ಕೇರಿಯಲ್ಲಿ ಮೊದಲು ಬಾಯಿಬಿಟ್ಟವನು ಅಪ್ಪ. ಆಮೇಲೆ ನಮ್ಮವರ ಸಭೆ, ಮದುವೆಗಳಲ್ಲಿ ಮಾತ್ರ ಬಡಿಯುತ್ತಿದ್ದ. ಸಿದ್ದು ಅರಸೀಕೆರೆಯಲ್ಲಿ ಐಟಿಐ ಓದುವಾಗ ಗೆಳೆಯನ ಹಳೇ ಗಿಟಾರಿನಲ್ಲಿ ಕಲಿತು, ಒಂದು ದಿನ ಅದನ್ನು ಎರವಲು ತಂದು ಅಪ್ಪನಿಗೆ ತೋರಿಸಿದ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದ್ದು ಒಂದೇ ಮಾತು.

"ಇದನ್ನ ಸಾವಿಗೆ ಕರೀತಾರೇನ್ಲಾ?"

"ಇಲ್ಲ ಕಣಪ್ಪಾ."

"ಅಂಗಾದ್ರೆ ಕಲಿ."

ಅರಸೀಕೆರೆಯಲ್ಲಿ ಪ್ರಕಾಶಣ್ಣ ಎನ್ನುವವರು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಅವರ ಗಿಟಾರಿನ ಹುಡುಗ ಬಿಟ್ಟುಹೋಗಿದ್ದ. ಸಿದ್ದುವಿನ ಕೈ ನೋಡಿ, ಸ್ವಂತಕ್ಕೊಂದು ಒಳ್ಳೆಯ ಎಲೆಕ್ಟ್ರಿಕ್ ಗಿಟಾರು ಇದ್ದರೆ ಬಾ, ಗಣೇಶನ ಹಬ್ಬಕ್ಕೆ ಹಳೇಬೀಡಿನಲ್ಲಿ ನಮ್ಮದೇ ಪ್ರೋಗ್ರಾಮು ಎಂದರು. ಅಪ್ಪನಿಗೆ ಇದನ್ನು ಕೂಗಿ ಹೇಳಿದೆವು. ಅಲ್ಲಿ ಆಳೆತ್ತರದ ಸ್ಪೀಕರುಗಳಿರುತ್ತವೆ, ಅದರ ಎದುರು ನಿಂತರೆ ನಿನಗೂ ಕೇಳುತ್ತದೆ ಎಂದೆವು. ಅಪ್ಪ ಅವತ್ತಿನಿಂದ ಹಬ್ಬ ಎಷ್ಟು ದೂರವಿದೆ ಎಂದು ಕೇಳುವುದಕ್ಕೆ ಶುರುಮಾಡಿದ.

ಗಿಟಾರು ನಾನು ಕೊಡಿಸುತ್ತೇನೆ ಎಂದೆ. ನನ್ನ ಸಂಬಳ, ನನ್ನ ತಮ್ಮ. ಬಿ.ಎಡ್. ಪರೀಕ್ಷೆಗೆ ಓದಿದ ಹಾಗೆ ಫೋನಿನಲ್ಲಿ ಹುಡುಕಿ ಓದಿದೆ. ಯಾವ ಕಂಪನಿ ದೊಡ್ಡದು, ತಂತಿಯ ಅದುರನ್ನು ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ಪು ಎಂಥದ್ದಿರಬೇಕು, ಕತ್ತು ನೆಟ್ಟಗಿದೆಯೇ ಎಂದು ಹೇಗೆ ನೋಡಬೇಕು, ಎಲ್ಲ. ಮೂವರೂ ಹಾಸನಕ್ಕೆ ಹೋದೆವು. ಅಂಗಡಿಯಲ್ಲಿ ಗಾಜಿನ ಹಿಂದೆ ತೂಗುಹಾಕಿದ್ದ ಕೆಂಪು ಗಿಟಾರು, ಅದರ ತಲೆಯ ಮೇಲೆ ಎಲ್ಲರಿಗೂ ಗೊತ್ತಿರುವ ಕಂಪನಿಯ ಹೆಸರು. ಸಿದ್ದು ಕೂತು ಬಾರಿಸಿದ. ಹಗುರವಾಗಿತ್ತು, ಕೈಗೆ ಒಗ್ಗುತ್ತಿತ್ತು, ಅವನ ಮುಖವೇ ಹೇಳುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಮಟೆಗೆ ಬಾಗುವ ಹಾಗೆ ಬಾಗಿ, ಗಿಟಾರಿನ ಮೈ ಮೇಲ್ಗಡೆ ಕೊಂಬಿನಂತೆ ಚಾಚಿಕೊಂಡಿರುತ್ತದಲ್ಲ, ಅದಕ್ಕೆ ಬಾಯಿ ಹಾಕಿದ.

"ಯಜಮಾನ್ರೇ, ಎಂಜಲು ಮಾಡ್ಬೇಡಿ" ಎಂದ ಅಂಗಡಿಯವನು. ಕೂಗಲಿಲ್ಲ. ಸಾಮಾನ್ಯವಾಗೇ ಹೇಳಿದ. ಅಪ್ಪನಿಗೆ ಅದು ಕೇಳಿಸಲಿಲ್ಲ, ಆದರೆ ಅಂಗಡಿಯವನು ಗಿಟಾರನ್ನು ತೆಗೆದುಕೊಂಡು ಬಟ್ಟೆಯಿಂದ ಒರೆಸಿದ್ದು ಕಾಣಿಸಿತು. ತುಂಬ ಹೊತ್ತು ಒರೆಸಿದ. ಸಿದ್ದು ಎದ್ದು ಹೊರಗೆ ನಡೆದ. ನಾನು ಅಂಗಡಿಯವನಿಗೆ ಏನಾದರೂ ಹೇಳಬೇಕೆಂದುಕೊಂಡೆ, ಕ್ಲಾಸಿನಲ್ಲಿ ನಲವತ್ತು ಮಕ್ಕಳ ಮುಂದೆ ಬರುವ ಮಾತು ಅಲ್ಲಿ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪನೇ ನಗಾಡಿದ. ಆ ಗಿಟಾರಿಗೆ ಬಣ್ಣ ಜಾಸ್ತಿ ಬಳಿದಿದ್ದಾರೆ, ನಾಲಿಗೆಗೆ ಪೇಂಟು ಹತ್ತಿತು ಎಂದ.

ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬೇಲೂರಿನವರು. ಅವರೇ ಲೋಕೇಶಾಚಾರ್ರ ಹೆಸರು ಹೇಳಿದ್ದು. ಕೆತ್ತನೆಯ ಮನೆತನ. ಪ್ರಾಯದಲ್ಲಿ ಬೇರೆ ರಾಜ್ಯದ ಗಿಟಾರು ಕಾರ್ಖಾನೆಯಲ್ಲಿ ದುಡಿದು ಊರಿಗೆ ಬಂದು, ವರ್ಷಕ್ಕೆ ಮಾಡಿದರೆ ಬೆರಳೆಣಿಕೆಯಷ್ಟು ಗಿಟಾರು ಮಾಡುತ್ತಾರೆ, ಗೊತ್ತಿರುವವರು ದೂರದಿಂದ ಹುಡುಕಿಕೊಂಡು ಬರುತ್ತಾರೆ, ಗೊತ್ತಿಲ್ಲದವರು ಪಕ್ಕದ ಬೀದಿಯಲ್ಲೇ ಇದ್ದಾರೆ ಎಂದರು. ನನಗೆ ಅಷ್ಟು ನಂಬಿಕೆ ಬರಲಿಲ್ಲ. ಹೆಸರೇ ಇಲ್ಲದ ಗಿಟಾರಿಗೆ ಅಷ್ಟೊಂದು ದುಡ್ಡು ಏಕೆ ಕೊಡಬೇಕು ಎಂದು ನಾನೂ ಕೇಳಿದವಳೇ. ಸಿದ್ದುವೇ ಹಟ ಮಾಡಿ ಹೊರಡಿಸಿದ.

ನಾವು ಹೋದ ದಿನ ಬೇಲೂರಿನಲ್ಲಿ ಕರೆಂಟು ಇರಲಿಲ್ಲ. ಕೊಟ್ಟಿಗೆಯ ಹೆಂಚಿನ ಮೇಲೆ ಸಣ್ಣಗೆ ಮಳೆ. ಗೋಡೆಗೆ ಮೂರು ಗಿಟಾರು ಒರಗಿಸಿದ್ದರು, ಒಂದು ತೇಗದ್ದು, ಒಂದು ಹಲಸಿನದ್ದು, ಒಂದು ಹೊನ್ನೆಯದ್ದು. ಕರೆಂಟಿಲ್ಲದೆ ಎಲೆಕ್ಟ್ರಿಕ್ ಗಿಟಾರನ್ನು ಹೇಗೆ ನೋಡುವುದು, ಇನ್ನೊಂದು ದಿನ ಬರುತ್ತೇವೆ ಎಂದೆ.

"ಕರೆಂಟಿಲ್ದೇ ಇರೋದೇ ಒಳ್ಳೇದಾಯ್ತು ಮೇಡಮ್. ಸ್ಪೀಕರ್‌ಗೆ ಹಾಕಿದ್ರೆ ಎಲ್ಲಾ ಗಿಟಾರೂ ಒಂದಷ್ಟು ಚೆಂದಾನೇ. ಮೊದ್ಲು ಬರೀ ಮರ, ಬರೀ ತಂತಿ ಕೇಳ್ಬೇಕು" ಎಂದರು ಆಚಾರ್ರು.

ಸಿದ್ದು ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡ. ನಾನು ಓದಿಕೊಂಡು ಬಂದಿದ್ದ ಹಾಗೆ ಕತ್ತನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದೆ, ಲೋಹದ ಪಟ್ಟಿಗಳ ಅಂಚು ಬೆರಳಿಗೆ ಚುಚ್ಚುತ್ತದೆಯೇ ಎಂದು ಸವರಿದೆ. ಸಿದ್ದು ಪ್ರತಿ ತಂತಿಯನ್ನೂ ಕತ್ತಿನುದ್ದಕ್ಕೂ ಒತ್ತಿ ಒತ್ತಿ ಮಿಡಿದ, ಎಲ್ಲೂ ಕಿರಗುಟ್ಟಲಿಲ್ಲ. ಮಳೆಯ ಸದ್ದಿನಲ್ಲಿ ಆ ತಂತಿಗಳ ಸದ್ದು ಸೊಳ್ಳೆಯಷ್ಟು. ಮೂರೂ ಚೆನ್ನಾಗಿದ್ದವು. ಯಾವುದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ, ನನಗಂತೂ ಇಲ್ಲ. ಅಪ್ಪ ಮೂಲೆಯ ಸ್ಟೂಲಿನಲ್ಲಿ ಕೈಕಟ್ಟಿಕೊಂಡು ಕೂತಿದ್ದ. ಹಾಸನದ ನಂತರ ಅವನು ಹತ್ತಿರ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನ ದವಡೆ ಮಾತ್ರ ಸಣ್ಣಗೆ ಆಡುತ್ತಿತ್ತು. ಆಚಾರ್ರು ಅದನ್ನು ನೋಡಿ, ಏನಂತೆ ಎಂದು ಕೇಳಿದರು. ಸಿದ್ದು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ. ಕಿವಿ, ಮೂಳೆ, ತಮಟೆ, ಹಲ್ಲು.

ಆಚಾರ್ರು ತೇಗದ ಗಿಟಾರನ್ನು ತಾವೇ ಎತ್ತಿ ಅಪ್ಪನ ಬಾಯಿಯ ಹತ್ತಿರ ಹಿಡಿದರು. ಅಪ್ಪ ನನ್ನ ಮುಖ ನೋಡಿದ. ಆಮೇಲೆ ಕಚ್ಚಿದ. ಸಿದ್ದು ಮಂಡಿಯೂರಿ ಕೂತು ಬಾರಿಸಿದ. ಅಪ್ಪ ತೇಗಕ್ಕೆ ಕೈಯಲ್ಲಾಡಿಸಿದ. ಹಲಸಿಗೆ, ಪರವಾಗಿಲ್ಲ ಎನ್ನುವ ಹಾಗೆ ತಲೆ ಓರೆ ಮಾಡಿದ. ಹೊನ್ನೆಯನ್ನು ಕಚ್ಚಿದವನು ಬಿಡಲೇ ಇಲ್ಲ. ಕಣ್ಣು ಮುಚ್ಚಿಕೊಂಡ. ಸಿದ್ದು ಒಂದು ಮುಗಿಸಿ ಇನ್ನೊಂದು ಬಾರಿಸಿದ.

"ಇದು ಕಣ್ಲಾ" ಎಂದ ಅಪ್ಪ ಕೊನೆಗೆ. "ನಿನ್ ಬೆರಳು ಎಲ್ಲೆಲ್ಲಿ ತಡವರಿಸ್ತೈತೆ ಅಂತಾನೂ ಗೊತ್ತಾಯ್ತೈತೆ."

ಸಿದ್ದು ನಕ್ಕ, ನಗುತ್ತಲೇ ಅಂಗಿಯ ತೋಳಿಂದ ಮುಖ ಒರೆಸಿಕೊಂಡ. ನಾನು ಆಚಾರ್ರ ಕೈಯನ್ನೇ ನೋಡುತ್ತಿದ್ದೆ. ಅವರು ಗಿಟಾರನ್ನು ಒರೆಸಲಿಲ್ಲ. ಹಾಗೇ ಚೀಲಕ್ಕೆ ಹಾಕಿ ಜಿಪ್ಪು ಎಳೆದರು. ಹೊನ್ನೆಮರದ ಲೋಟದಲ್ಲಿ ನೀರು ಕುಡಿದರೆ ಸಕ್ಕರೆ ಕಾಯಿಲೆ ಬರುವುದಿಲ್ಲವಂತಲ್ಲ, ಇನ್ನು ನಿನಗೆ ಅದೊಂದು ಚಿಂತೆಯಿಲ್ಲ ಎಂದು ನಾನು ಅಪ್ಪನ ಕಿವಿಯಲ್ಲಿ ಕೂಗಿದೆ. ಆಚಾರ್ರೂ ನಕ್ಕರು. ಗಿಟಾರಿನ ತಲೆಯ ಮೇಲೆ ನಿಮ್ಮ ಹೆಸರೇಕೆ ಹಾಕಿಲ್ಲ ಎಂದು ಕೇಳಿದ್ದಕ್ಕೆ, ಹಾಕಿದರೆ ಓದುವವರು ಯಾರು ಎಂದರು. ಅಲ್ಲಿ ಇದ್ದದ್ದು ಕಾದ ಕಂಬಿಯಿಂದ ಸುಟ್ಟು ಬರೆದ ಸಣ್ಣ ಹೂವು ಮಾತ್ರ. ಮನೆಗೆ ಬಂದು ಬೆಳಕಿನಲ್ಲಿ ನೋಡಿದಾಗ ಕೊಂಬಿನ ಅಂಚಿನಲ್ಲಿ ಹಲ್ಲಿನ ಗುರುತು ಕೂತಿತ್ತು. ಬಣ್ಣ ಮೆತ್ತದೆ ಬರೀ ಎಣ್ಣೆ ಉಜ್ಜಿದ್ದ ಮರ, ಹಿಡಿದುಕೊಂಡಿತ್ತು.

ಪ್ರಕಾಶಣ್ಣನ ಶೆಡ್ಡಿಗೆ ಸಿದ್ದುವಿನ ಜೊತೆ ನಾನೂ ಹೋಗಿದ್ದೆ. ಸ್ಪೀಕರಿಗೆ ಹಾಕಿ ಬಾರಿಸಿದಾಗ ಕೀಬೋರ್ಡಿನವನು ಕೈ ನಿಲ್ಲಿಸಿ ಕೇಳಿದ. ಪ್ರಕಾಶಣ್ಣ ಎದ್ದು ಬಂದರು, ಗಿಟಾರಿನ ತಲೆ ಹಿಡಿದು ನೋಡಿದರು. ಯಾವ ಕಂಪನಿಯದು ಎಂದರು. ಬೇಲೂರಿಂದು ಎಂದ ಸಿದ್ದು. ಅಲ್ಲಿದ್ದವರೆಲ್ಲ ನಕ್ಕರು. ಕೆಟ್ಟ ನಗುವಲ್ಲ, ಆದರೂ ನಗು. ಪ್ರಕಾಶಣ್ಣ ಒಳ್ಳೆಯ ಮನುಷ್ಯರೇ. ಶಬ್ದ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರು. ಆದರೆ ಈಗ ಎಲ್ಲ ವಿಡಿಯೊ, ಆರ್ಕೆಸ್ಟ್ರಾ ಕರೆಸುವವರು ವಿಡಿಯೊ ನೋಡಿ ಕರೆಸುತ್ತಾರೆ, ಮೊದಲು ನೋಡುವುದು ಸಾಮಾನು ಯಾವ ಕಂಪನಿಯದು ಎಂದು. ಟೇಬಲ್ಲಿನ ಡ್ರಾಯರಿನಿಂದ ಒಂದು ಸ್ಟಿಕ್ಕರ್ ತೆಗೆದು ಕೊಟ್ಟರು. ಹಾಸನದಲ್ಲಿ ನೋಡಿದ ಕೆಂಪು ಗಿಟಾರಿನ ಕಂಪನಿಯ ಹೆಸರೇ ಅದರ ಮೇಲಿತ್ತು.

"ಹೂವಿನ್ ಮ್ಯಾಲೆ ಇದನ್ನ ಅಂಟಿಸ್ಕೊಳೋ. ಯಾರಿಗೆ ಗೊತ್ತಾಗುತ್ತೆ?"

ಸಿದ್ದು ಸ್ಟಿಕ್ಕರನ್ನು ತಿರುಗಿಸಿ ನೋಡಿದ. "ಬ್ಯಾಡ ಅಣ್ಣ. ಅದು ಆ ಕಂಪನಿದಲ್ಲ" ಎಂದು ಟೇಬಲ್ಲಿನ ಮೇಲಿಟ್ಟ. ಪ್ರಕಾಶಣ್ಣ ಎರಡು ಸಲ ಕೇಳಿದರು. ಆಮೇಲೆ, ಹಾಗಾದರೆ ಹಬ್ಬಕ್ಕೆ ಬೇರೆ ಹುಡುಗನನ್ನು ನೋಡಿಕೊಳ್ಳುತ್ತೇನೆ, ಬೇಜಾರು ಮಾಡ್ಕೋಬೇಡ ಎಂದರು. ಹೊರಗೆ ಬಂದಾಗ ನನಗೆ ತಮ್ಮನ ಮೇಲೆ ಎಂಥ ಹೆಮ್ಮೆ. ರೂಮು ಸಿಗದೆ ಹಿಂದಿರುಗುತ್ತಿದ್ದ ನನ್ನನ್ನೇ ನೋಡಿದ ಹಾಗಾಯಿತು. ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ಕೊಡಿಸಿದೆ. ಸಿದ್ದು ಅರ್ಧ ತಿಂದು ಬಿಟ್ಟ.

ಅಪ್ಪನಿಗೆ ಕೂಗಿ ಹೇಳಿದೆವು, ಎಂದಿನಂತೆ ಕೇರಿಗೆಲ್ಲ ಗೊತ್ತಾಯಿತು. ಆದರೂ ಹಬ್ಬದ ದಿನ ಅಪ್ಪ ಒಗೆದ ಪಂಚೆ ಉಟ್ಟು ಹೊರಟು ನಿಂತ. ಸಿದ್ದು ಇಲ್ಲವಲ್ಲ, ಏಕೆ ಎಂದರೆ, ಸ್ಪೀಕರು ಇರ್ತೈತಲ್ಲ ಎಂದ. ಅವನನ್ನು ಕರೆದುಕೊಂಡು ನಾನೇ ಹಳೇಬೀಡಿಗೆ ಹೋದೆ. ದೇವಸ್ಥಾನ ನೋಡಲು ಬಂದವರ ಬಸ್ಸುಗಳು ಹೊರಡುವ ಹೊತ್ತು, ಆಚೆ ಕೆರೆ ತುಂಬಿ ಬೆಳ್ಳಗಿತ್ತು. ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಶುರುವಾದಾಗ ಅಪ್ಪ ಜನರ ನಡುವೆ ನುಗ್ಗಿ ಹೋಗಿ ದೊಡ್ಡ ಸ್ಪೀಕರಿನ ಎದುರು ನಿಂತು ಅದರ ಮೇಲೆ ಅಂಗೈ ಇಟ್ಟ. ವೇದಿಕೆಯಲ್ಲಿ ಯಾರದೋ ಮಗ, ಹೆಸರಿದ್ದ ಗಿಟಾರು ಹಿಡಿದು ಬಾರಿಸುತ್ತಿದ್ದ. ಚೆನ್ನಾಗೇ ಬಾರಿಸುತ್ತಿದ್ದ. ಅಪ್ಪ ಅವನ ಬೆರಳುಗಳನ್ನೇ ನೋಡುತ್ತ, ಎಲ್ಲ ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ, ಕೇಳಿಸಿತಾ ಎಂದು ಕೂಗಿದೆ.

"ಕೇಳುಸ್ತು ಕಣವ್ವ" ಎಂದ. ಜಾವಗಲ್ ದಾಟುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದು, ಆಮೇಲೆ ನನ್ನ ಕಡೆ ತಿರುಗಿದ. "ಅವ್ನು ಅಂಟುಸ್ಕೊಬೋದಿತ್ತು. ಒಂದಿನಕ್ಕೆ."

ಜೀವಮಾನವಿಡೀ ಯಾರ ಮುಂದೆಯೂ ತನ್ನನ್ನು ಮುಚ್ಚಿಟ್ಟುಕೊಳ್ಳದವನು, ನಮಗೆ ಅದನ್ನೇ ಕಲಿಸಿದವನು ಆಡಿದ ಮಾತು ಅದು. ಅಪ್ಪ ಹೇಳಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಸಿದ್ದು ಮಾಡಿದ್ದೂ ತಪ್ಪು ಅನ್ನಿಸಿಲ್ಲ. ಆ ಮಾತನ್ನು ನಾನು ಸಿದ್ದುವಿಗೆ ಹೇಳಿಲ್ಲ.

ದೀಪಾವಳಿ ಕಳೆದು ರಾಗಿ ಕೊಯ್ಲು ಶುರುವಾಗುವ ಹೊತ್ತಿಗೆ ಅಪ್ಪನ ಕಾಲು ಊದಿಕೊಂಡವು. ಜಗುಲಿಯ ಗೋಡೆಗೆ ಒರಗಿಸಿ ಕೂರಿಸುತ್ತಿದ್ದೆವು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಸಿದ್ದು ಕೆಲಸದಿಂದ ಬಂದವನೇ ಗಿಟಾರು ತೆಗೆದುಕೊಂಡು ಅವನ ಎದುರು ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದ. ಕೊಂಬು ಅಪ್ಪನ ಬಾಯಲ್ಲಿ, ತಂತಿ ಮಗನ ಕೈಯಲ್ಲಿ. ಬೀದಿಯಿಂದ ನೋಡಿದವರಿಗೆ ಏನೂ ಕೇಳುತ್ತಿರಲಿಲ್ಲ. ಇಬ್ಬರೂ ಸೇರಿ ಏನೋ ದುರಸ್ತಿ ಮಾಡುತ್ತಿದ್ದಾರೆ ಎನ್ನುವ ಹಾಗೆ ಕಾಣುತ್ತಿತ್ತು. ಅವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ಸದ್ದಾಗುತ್ತದೆಂದು ನಿಲ್ಲಿಸುತ್ತಿದ್ದಳು, ಅಪ್ಪನಿಗೆ ಮೊರದ ಸದ್ದು ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿದ್ದರೂ. ತಪ್ಪು ಬಾರಿಸಿದರೆ ಅಪ್ಪ ಬಾಯಿಂದ ಮರ ಬಿಡದೆಯೇ ಹುಬ್ಬು ಏರಿಸುತ್ತಿದ್ದ. ಕೆಲವು ಸಲ ಬೆರಳುಗಳಿಂದ ಮರದ ಮೇಲೆ ತಮಟೆಯ ಏಟು ಹಾಕುತ್ತಿದ್ದ, ಸಿದ್ದು ಅದಕ್ಕೆ ಸೇರಿಕೊಳ್ಳುತ್ತಿದ್ದ. ಕೊನೆಕೊನೆಗೆ ಕಚ್ಚುವ ಶಕ್ತಿ ಹೋಯಿತು. ಸಿದ್ದು ಕೊಂಬನ್ನು ಅವನ ದವಡೆಗೆ ಒತ್ತಿ ಹಿಡಿದು ಬಾರಿಸುತ್ತಿದ್ದ. ಒಂದು ಬೆಳಿಗ್ಗೆ ಹಾಗೇ ಬಾರಿಸುತ್ತಿರುವಾಗ ಮರದ ಮೇಲಿದ್ದ ಬೆರಳು ನಿಂತಿತು. ಸಿದ್ದು ಆ ಹಾಡನ್ನು ಪೂರ್ತಿ ಮುಗಿಸಿದ. ಆಮೇಲೆ ಅವ್ವನನ್ನು ಕರೆದ.

ಅಪ್ಪನ ಜೊತೆ ಬಡಿಯುತ್ತಿದ್ದವರೆಲ್ಲ ಬಂದರು. ಬರಿಗೈಯಲ್ಲಿ ಬಂದರು, ಅವನೇ ಮಾಡಿದ ಕಟ್ಟಳೆ. ತಮಟೆಯಿಲ್ಲದೆ ಹೊರಟ ಆ ಮೆರವಣಿಗೆಯಲ್ಲಿ ಕೇಳುತ್ತಿದ್ದದ್ದು ಕಾಲುಗಳ ಸದ್ದು ಮಾತ್ರ. ಗಿಟಾರನ್ನು ಸಿದ್ದು ಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿದ. ಸಾವಿಗೆ ಕರೆಯದ ವಾದ್ಯ ಎಂದು ಕಲಿಯಲು ಬಿಟ್ಟಿದ್ದಲ್ಲವೇ. ವರ್ಷಗಟ್ಟಲೆ ಅದನ್ನು ಅವನು ಇಳಿಸಲಿಲ್ಲ.

ಈಗ ಅವನಿಗೆ ಅರಸೀಕೆರೆಯಲ್ಲಿ ಮೋಟಾರು ರಿಪೇರಿಯ ಅಂಗಡಿಯಿದೆ. ಅವನ ಮಗಳು ಗಿಟಾರು ಕಲಿಯುತ್ತೇನೆ ಎಂದು ಹಿಡಿದ ಹಟ ಬಿಡಲಿಲ್ಲ. ನೀನೇ ಬೇಲೂರಿಗೆ ತಗೊಂಡೋಗ್ಬಿಡಕ್ಕ ಎಂದು ಚೀಲವನ್ನು ನನ್ನ ಮನೆಯ ಬಾಗಿಲಲ್ಲಿಟ್ಟು ಹೋದ.

ಆಚಾರ್ರ ಕೂದಲು ಪೂರ್ತಿ ಬೆಳ್ಳಗಾಗಿದೆ. ಚೀಲದ ಜಿಪ್ಪು ಎಳೆದವರು ನನ್ನನ್ನು ಗುರುತು ಹಿಡಿಯುವ ಮೊದಲು ಗಿಟಾರನ್ನು ಗುರುತು ಹಿಡಿದರು. ತಂತಿಗಳು ತುಕ್ಕು ಹಿಡಿದು ಹೋಗಿವೆ, ಒಂದು ಮಾತ್ರ ಉಳಿದಿದೆ, ಕತ್ತು ಇನ್ನೂ ನೆಟ್ಟಗಿದೆ ಎಂದರು. ಯಜಮಾನರು ಹೇಗಿದ್ದಾರೆ ಎಂದು ಕೇಳಿದರು, ನಾನು ತಲೆಯಾಡಿಸಿದ್ದರಲ್ಲೇ ತಿಳಿದುಕೊಂಡರು. ಕೊಂಬಿನ ಅಂಚಿನ ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಂದು ಕೈಯಲ್ಲಿ ಆಗಲೇ ಉಪ್ಪುಕಾಗದ ಇತ್ತು.

"ಮಗು ಬಾರ್ಸೋದಲ್ವಾ ಮೇಡಮ್, ಕೈಗೆ ತರಿತರಿ ಅನ್ಸುತ್ತೆ. ಇದನ್ನ ಉಜ್ಜಿ ನುಣ್ಣಗೆ ಮಾಡ್ಬಿಡ್ಲಾ?"

ನಾನು ಉಪ್ಪುಕಾಗದವನ್ನೇ ನೋಡಿದೆ. ಅವರು ಉಪ್ಪುಕಾಗದವನ್ನು ಹಲಗೆಯ ಮೇಲಿಟ್ಟು, ತಂತಿ ತರುತ್ತೇನೆ ಎಂದು ಮನೆಯೊಳಗೆ ಹೋದರು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಗಿಟಾರನ್ನು ಎತ್ತಿ ಕೊಂಬಿಗೆ ಬಾಯಿಟ್ಟೆ. ಅಪ್ಪನ ಹಲ್ಲು ದೊಡ್ಡವು, ಆ ಗುರುತುಗಳಲ್ಲಿ ನನ್ನವು ತುಂಬಲಿಲ್ಲ. ಎರಡೂ ಕಿವಿ ಮುಚ್ಚಿಕೊಳ್ಳಲು ಕೈ ಸಾಲದು. ಒಂದನ್ನು ಭುಜಕ್ಕೆ ಒತ್ತಿ, ಇನ್ನೊಂದನ್ನು ಎಡಗೈಯಲ್ಲಿ ಮುಚ್ಚಿ, ಉಳಿದಿದ್ದ ಒಂದು ತಂತಿಯನ್ನು ಮಿಡಿದೆ. ಹೊರಗೆ ಬೀದಿಯಲ್ಲಿ ಸ್ಕೂಟರು ಹೋಗುತ್ತಿತ್ತು, ಅದು ಅಳಿಸಿಹೋಯಿತು. ಹಲ್ಲಿನಿಂದ ಹತ್ತಿ ಕಣ್ಣಿನ ಹಿಂದೆ ತುಂಬಿಕೊಂಡು, ಆ ಸ್ವರ ನಾನು ಎಂದುಕೊಂಡದ್ದಕ್ಕಿಂತ ಎಷ್ಟೋ ಹೊತ್ತು ನಿಂತಿತು. ಅದು ಸಣ್ಣದಾಗಿರಲಿಲ್ಲ. ಅಪ್ಪನಿಗೆ ಕೇಳುತ್ತಿದ್ದದ್ದು ಸಣ್ಣದು ಎಂದುಕೊಂಡೇ ನಾವು ಇಷ್ಟು ವರ್ಷ ಇದ್ದೆವು. ಅದು ಹಳೇಬೀಡಿನ ಸ್ಪೀಕರಿಗಿಂತ ದೊಡ್ಡದಾಗಿತ್ತು.

ಆಚಾರ್ರು ತಂತಿಯ ಸುರುಳಿ ಹಿಡಿದುಕೊಂಡು ಬಾಗಿಲಿಗೆ ಬಂದವರು, ನನ್ನನ್ನು ನೋಡಿ, ಏನೋ ಮರೆತವರ ಹಾಗೆ ಹಿಂದಿರುಗಿದರು. ಮತ್ತೆ ಬಂದವರೇ ಉಪ್ಪುಕಾಗದವನ್ನು ಎತ್ತಿ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿ, ತಂತಿ ಕಟ್ಟಲು ಕೂತರು.